ಕೊಳಗ ಯಾರ ಕೈಯಲ್ಲಿ?

ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ನಿವೃತ್ತ ಬ್ಯಾಂಕ್ ಮ್ಯಾನೇಜರು, ತೋಟದ ಮಾಲೀಕರು, ಕಂಪನಿ ಅಧ್ಯಕ್ಷರು, ಟಿವಿ ಚರ್ಚೆಯ ಪಂಡಿತರು ಒಂದು ಮಾತಿನಲ್ಲಿ ಮಾತ್ರ ಒಂದಾಗುತ್ತಾರೆ: ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ. ನಾವು ಹೊಟ್ಟೆ ಬಟ್ಟೆ ಕಟ್ಟಿ ದುಡಿದೆವು, ಮೇಲೆ ಬಂದೆವು. ಇವರಿಗೆ ಬೆಳಿಗ್ಗೆ ಏಳುವುದೇ ಕಷ್ಟ, ಮೇಲಿಂದ ಗೊಣಗಾಟ ಬೇರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಾಯಸ ಬರುವ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ. ಅಲ್ಲಿಗೇ ನಿಂತಿದ್ದರೆ ವಯಸ್ಸಿನ ಹಕ್ಕು ಎಂದು ಬಿಟ್ಟುಬಿಡಬಹುದಿತ್ತು. ಆದರೆ 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕ ಎನ್. ಆರ್. ನಾರಾಯಣಮೂರ್ತಿ, ಅದೇ ಕಂಪನಿಯಲ್ಲಿ ಅಧಿಕಾರಿಯಾಗಿದ್ದ ಮೋಹನದಾಸ್ ಪೈ ಜೊತೆಗಿನ ಸಂಭಾಷಣೆಯಲ್ಲಿ, ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿದ ವಿಡಿಯೊ ಹೊರಬಂತು. ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂದೂ ಅವರು ಕೇಳಿದ್ದರು. ಇವೆರಡರ ನಡುವೆ, 2024ರ ಜುಲೈನಲ್ಲಿ, ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಎಳೆಯಲು ದಾರಿ ಮಾಡುವ ಪ್ರಸ್ತಾಪವೊಂದು ನಮ್ಮ ವಿಧಾನಸೌಧದ ಕಡತಗಳಲ್ಲೇ ಓಡಾಡಿತು. ಪಂಕ್ತಿಯ ಹರಟೆ ಕಾನೂನಿನ ಕರಡಾಗುವ ಹಂತಕ್ಕೆ ಬಂದ ಮೇಲೆ ಅದಕ್ಕೆ ಉತ್ತರ ಕೊಡಲೇಬೇಕು.

ಹಿರಿಯರು ದುಡಿಯಲಿಲ್ಲ ಎನ್ನುವಷ್ಟು ಕೃತಘ್ನತೆ ನನಗಿಲ್ಲ. ದುಡಿದರು, ಬುಡ್ಡಿದೀಪದಲ್ಲಿ ಓದಿದರು, ಮೈಲಿಗಟ್ಟಲೆ ನಡೆದರು, ತಂಗಿಯರ ಮದುವೆ ಮಾಡಿ ಮುಗಿಸಿ ತಮ್ಮ ಮದುವೆಯ ಮಾತು ಎತ್ತಿದರು. ನನ್ನ ತಕರಾರು ಇರುವುದು ಅವರ ಲೆಕ್ಕದ ಮೇಲೆ, ದುಡಿದದ್ದರಿಂದಲೇ ಫಲ ಬಂತು ಎಂಬ ಲೆಕ್ಕದ ಮೇಲೆ. ಅವರ ಅಪ್ಪ, ಅಜ್ಜ ಅವರಿಗಿಂತ ಕಡಿಮೆಯೇನೂ ದುಡಿದಿರಲಿಲ್ಲ. ಸಾಯುವಾಗ ಸಾಲ ಬಿಟ್ಟು ಹೋದರು. ಒಂದು ತಲೆಮಾರಿನ ಬೆವರಿಗೆ ಸಾಲವೂ ಮುಂದಿನ ತಲೆಮಾರಿನ ಬೆವರಿಗೆ ಸೈಟು, ಮನೆ, ಪಿಂಚಣಿಯೂ ಸಿಕ್ಕಿದ್ದರೆ, ವ್ಯತ್ಯಾಸ ಬೆವರಿನಲ್ಲಿ ಇರಲಾರದು.

ಎಲ್ಲಿತ್ತು ಅಂತ ನೋಡಬೇಕಾದರೆ ಸಾಗರ ತಾಲೂಕಿನ ಕಾಗೋಡಿಗೆ ಹೋಗಬೇಕು. ಗದ್ದೆ ಒಡೆಯರದು, ಉಳುಮೆ ಗೇಣಿದಾರರದು. ಸುಗ್ಗಿ ಮುಗಿದ ಮೇಲೆ ಅಂಗಳಕ್ಕೆ ಭತ್ತ ಅಳೆಯುವ ಕೊಳಗ ಬರುತ್ತಿತ್ತು. ಗೇಣಿ ಅಳೆದುಕೊಳ್ಳುವ ಕೊಳಗ ದೊಡ್ಡದು, ಒಡೆಯ ಕಡ ಕೊಡುವಾಗ ಬರುವ ಕೊಳಗ ಚಿಕ್ಕದು. ಮಲೆನಾಡಿನ ಮಳೆಯಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತವನು ಎಷ್ಟು ಹೆಚ್ಚು ಬೆಳೆದರೂ ಆ ಎರಡು ಕೊಳಗಗಳ ನಡುವೆ ಅವನ ವರ್ಷದ ದುಡಿಮೆ ಕರಗಿ ಹೋಗುತ್ತಿತ್ತು. 1951ರಲ್ಲಿ ಅಲ್ಲಿನ ರೈತರು ಎದ್ದು ನಿಂತಾಗ ಎಚ್. ಗಣಪತಿಯಪ್ಪನವರು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ರೈತರು ಕಡಿಮೆ ದುಡಿಯುತ್ತೇವೆ ಎಂದು ಕೇಳಲಿಲ್ಲ. ಕೊಳಗ ಸರಿಯಾಗಲಿ ಎಂದರು. ಆಗಲೂ ಅವರಿಗೆ ಸೊಕ್ಕು ಬಂದಿದೆ, ಹಿಂದಿನವರ ಹಾಗೆ ವಿಧೇಯರಾಗಿ ಗೇಯುವುದಿಲ್ಲ ಎಂದು ಹೇಳುವ ಹಿರಿಯರು ಊರಿನಲ್ಲಿ ಇದ್ದೇ ಇದ್ದರು ಎಂದು ಊಹಿಸಲು ಸಾಕ್ಷಿ ಬೇಕಿಲ್ಲ.

ಫಲ ಬಂದದ್ದು ಅದಾಗಿ ಎರಡು ದಶಕ ಕಳೆದ ಮೇಲೆ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರದ ವಶಕ್ಕೆ ಬಂತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಕರಾವಳಿಯಲ್ಲಿ ಇವತ್ತಿಗೂ ಆ ಫಾರಂ ತುಂಬಿ ಡಿಕ್ಲರೇಶನ್ ಹಾಕಿದ ಕತೆ, ಹಾಕದೆ ಕೆಟ್ಟವರ ಕತೆ ಮನೆಮನೆಯಲ್ಲಿದೆ. ನಿನ್ನೆ ಉತ್ತ ಗದ್ದೆಯನ್ನೇ ಇವತ್ತೂ ಉತ್ತರು, ಅದೇ ಎತ್ತು, ಅದೇ ಮಳೆ. ಆದರೆ ಈ ಸಲ ಬೆಳೆದ ಭತ್ತ ಮನೆಯಲ್ಲೇ ಉಳಿಯಿತು, ಮಗ ಹೈಸ್ಕೂಲು ದಾಟಿದ, ಮಗಳು ಟಿಸಿಎಚ್ ಓದಿ ಟೀಚರಾದಳು. ಇಂದು ಪಂಕ್ತಿಯಲ್ಲಿ ಕೂತು ನಾವು ಸ್ವಂತ ಶ್ರಮದಿಂದ ಬಂದವರು ಎನ್ನುವ ಎಷ್ಟೋ ಜನರ ಮನೆಯ ಪೆಟ್ಟಿಗೆಯಲ್ಲಿ ಆ ನ್ಯಾಯಮಂಡಳಿಯ ಆದೇಶದ ಪ್ರತಿ ಇದೆ. ಗೇಣಿ ಚೀಟಿಯೂ ಇಲ್ಲದೆ ಕೂಲಿಗೆ ಗೇದವರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ಅದೇ ಕಾನೂನಿನಿಂದ ಸಿಕ್ಕಿದ್ದು ತೀರಾ ಕಡಿಮೆ. ಅವರು ಎಲ್ಲರಿಗಿಂತ ಹೆಚ್ಚು ದುಡಿದವರು. ಶ್ರಮವೇ ಫಲದ ಅಳತೆಯಾಗಿದ್ದರೆ ಇಂದು ಜಮೀನುದಾರರು ಅವರೇ ಆಗಿರಬೇಕಿತ್ತು.

ಬೆಂಗಳೂರಿನ ಹಿರಿಯರದೂ ಇದೇ ಕತೆ. ಐಟಿಐ, ಎಚ್ಎಎಲ್, ಎಚ್ಎಂಟಿ, ಬಿಇಎಲ್, ಬಿಇಎಂಎಲ್ ಎಂಬ ಐದು ಸರ್ಕಾರಿ ಕಾರ್ಖಾನೆಗಳ ಸುತ್ತ ಈ ಊರಿನ ಮಧ್ಯಮ ವರ್ಗ ಬೆಳೆಯಿತು. ಸೈರನ್ನಿಗೆ ಸರಿಯಾಗಿ ಒಳಗೆ, ಸೈರನ್ನಿಗೆ ಸರಿಯಾಗಿ ಹೊರಗೆ. ಕ್ವಾರ್ಟರ್ಸು, ಕ್ಯಾಂಟೀನು, ಆಸ್ಪತ್ರೆ, ಮಕ್ಕಳಿಗೆ ಕಾರ್ಖಾನೆಯ ಶಾಲೆ. ಆ ಕಾರ್ಮಿಕರನ್ನು ಶಿಸ್ತಿನ ಸಿಪಾಯಿಗಳು ಎಂದು ಈಗ ಹೊಗಳುತ್ತಾರೆ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಅವರು 77 ದಿನ ಮುಷ್ಕರ ಹೂಡಿದ್ದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಎರಡೂವರೆ ತಿಂಗಳು ಸಂಬಳವಿಲ್ಲದೆ, ಬಿಎಚ್ಇಎಲ್ ಕಾರ್ಮಿಕರಿಗೆ ಸಮನಾದ ವೇತನ ಬೇಕೆಂದು ಈ ಐದೂ ಕಾರ್ಖಾನೆಗಳು ನಿಂತವು. ಹಾಗೆ ಮುಷ್ಕರ ಹೂಡಿದವರು ಸೋಮಾರಿಗಳಾಗಿದ್ದರೇ? ಅವರ ಮಕ್ಕಳು ಈಗ ಅಪ್ಪನ ಶಿಸ್ತನ್ನು ಮಾತ್ರ ನೆನೆದು ಅಪ್ಪನ ಮುಷ್ಕರವನ್ನು ಮರೆತು ಭಾಷಣ ಮಾಡುತ್ತಾರೆ. ಪಿಂಚಣಿಯ ಮಾತೂ ಅಷ್ಟೇ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲವಾಯಿತು. ಒಂದೇ ಕಚೇರಿ, ಒಂದೇ ಕಡತ, ಅಕ್ಕಪಕ್ಕದ ಮೇಜು. ಹಳಬರ ಮೂವತ್ತು ವರ್ಷಕ್ಕೆ ಒಂದು ಬೆಲೆ, ಹೊಸಬರ ಮೂವತ್ತು ವರ್ಷಕ್ಕೆ ಇನ್ನೊಂದು.

ಆ ಮುಷ್ಕರ ಮುಗಿದ ವರ್ಷವೇ, 1981ರಲ್ಲಿ, ಪುಣೆಯಲ್ಲಿ ಇನ್ಫೋಸಿಸ್ ಹುಟ್ಟಿತು. ಮೂರ್ತಿಯವರು ತಾವು ವಾರಕ್ಕೆ 85-90 ಗಂಟೆ ದುಡಿದದ್ದಾಗಿ ಹೇಳಿಕೊಂಡಿದ್ದಾರೆ. ನಂಬುತ್ತೇನೆ. ಆದರೆ ಅವರು ದುಡಿದದ್ದು ತಮ್ಮ ಕಂಪನಿಯಲ್ಲಿ. ಪ್ರತಿ ಹೆಚ್ಚುವರಿ ಗಂಟೆಯೂ ಅವರ ಷೇರಿನ ಖಾತೆಗೆ ಜಮೆಯಾಗುತ್ತಿತ್ತು. ಅವರಿಗೆ ಎಂಟೆಕ್ ಕೊಟ್ಟದ್ದು ಸರ್ಕಾರಿ ಹಣದ ಐಐಟಿ. ಅವರ ಉದ್ಯಮ ಬೆಳೆದದ್ದು ಸರ್ಕಾರ ಕಿಯೋನಿಕ್ಸ್ ಮೂಲಕ ಕಟ್ಟಿದ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ, ಸಾಫ್ಟ್‌ವೇರ್ ರಫ್ತಿನ ಲಾಭಕ್ಕೆ 2011ರವರೆಗೂ ಉಳಿದ ಆದಾಯ ತೆರಿಗೆ ರಿಯಾಯಿತಿಯ ನೆರಳಲ್ಲಿ. ಒಂದು ಒಳ್ಳೆಯ ಮಾತನ್ನೂ ಹೇಳಿಬಿಡಬೇಕು: ತೊಂಬತ್ತರ ದಶಕದಲ್ಲಿ ಅದೇ ಕಂಪನಿ ನೌಕರರಿಗೆ ಷೇರು ಹಂಚಿತು, ಎಷ್ಟೋ ಸಾಮಾನ್ಯರು ಅದರಿಂದ ಮನೆ ಕಟ್ಟಿದರು. ಅಂದಿನ ಹುಡುಗರು ರಾತ್ರಿ ಹಗಲು ದುಡಿದದ್ದು ನಿಜವಾದರೆ, ಅಂದು ಕೊಳಗದಲ್ಲಿ ಅವರ ಪಾಲೂ ಇತ್ತು ಎಂಬುದು ಅಷ್ಟೇ ನಿಜ.

ಈಗ? ದೊಡ್ಡ ಐಟಿ ಕಂಪನಿಗಳು ಹೊಸದಾಗಿ ಸೇರುವ ಎಂಜಿನಿಯರಿಗೆ ಕೊಡುವ ವಾರ್ಷಿಕ ಸಂಬಳ ಹತ್ತು ವರ್ಷಕ್ಕೂ ಮೀರಿ ಮೂರೂಕಾಲು ಲಕ್ಷದಿಂದ ಮೂರೂಮುಕ್ಕಾಲು ಲಕ್ಷದ ಆಸುಪಾಸಿನಲ್ಲೇ ಕೂತಿದೆ. ಇದು ಯಾವುದೋ ಕಾರ್ಮಿಕ ಸಂಘದ ಕರಪತ್ರದ ಮಾತಲ್ಲ. 70 ಗಂಟೆಯ ಆ ಸಂಭಾಷಣೆಯಲ್ಲಿ ಎದುರು ಕೂತಿದ್ದ ಮೋಹನದಾಸ್ ಪೈ ಅವರೇ ಇದನ್ನು ಬಹಿರಂಗವಾಗಿ ಟೀಕಿಸಿದವರು. ಇದೇ ಅವಧಿಯಲ್ಲಿ, 2012ರಲ್ಲಿ 100 ಎಂದು ಹಿಡಿದ ಗ್ರಾಹಕ ಬೆಲೆ ಸೂಚ್ಯಂಕ 2024ಕ್ಕೆ 190 ದಾಟಿತು. ಅಂದರೆ ಬೆಲೆ ಏರಿಕೆಯನ್ನು ಕಳೆದು ನೋಡಿದರೆ, ಇಂದು ಹೊಸದಾಗಿ ಸೇರುವ ಹುಡುಗಿ ತನ್ನ ಹಿರಿಯ ಸಹೋದ್ಯೋಗಿ ಸೇರಿದಾಗ ಪಡೆದ ಸಂಬಳದ ಹೆಚ್ಚುಕಮ್ಮಿ ಅರ್ಧಕ್ಕೆ ಅದೇ ಕೆಲಸ ಮಾಡುತ್ತಿದ್ದಾಳೆ. ಪಿಜಿ ಬಾಡಿಗೆ, ಊರಿಗೆ ಕಳಿಸುವ ದುಡ್ಡು, ಎಂಜಿನಿಯರಿಂಗ್ ಸಾಲದ ಕಂತು ಕಳೆದರೆ ಉಳಿಯುವುದರಲ್ಲಿ ಅವಳು ಹತ್ತು ಗ್ರಾಂ ಚಿನ್ನವನ್ನಾದರೂ ಕೊಳ್ಳಬಲ್ಲಳೇ ಎಂದು ಅವಳ ತಾಯಿ ಲೆಕ್ಕ ಹಾಕಿ ನೋಡಲಿ; 2025ರ ಏಪ್ರಿಲ್‌ನಲ್ಲಿ ಅದರ ಬೆಲೆ ಲಕ್ಷ ದಾಟಿತು.

ದುಡ್ಡೇ ಇರಲಿಲ್ಲವೇ ಕೊಡಲು? ಕೇಂದ್ರದ 2024-25ರ ಆರ್ಥಿಕ ಸಮೀಕ್ಷೆಯೇ ಹೇಳುವಂತೆ, 2023-24ರಲ್ಲಿ ದೊಡ್ಡ ಕಂಪನಿಗಳ ಲಾಭ ಹದಿನೈದು ವರ್ಷಗಳಲ್ಲೇ ಗರಿಷ್ಠ ಮಟ್ಟಕ್ಕೆ ಏರಿತ್ತು. ಲಾಭ ಶೇ. 22.3ರಷ್ಟು ಬೆಳೆದರೆ ಉದ್ಯೋಗ ಬೆಳೆದದ್ದು ಶೇ. 1.5. ಅದೇ ವರ್ಷ 90 ಗಂಟೆಯ ಅಧ್ಯಕ್ಷರು ಪಡೆದ ಸಂಭಾವನೆ ಸುಮಾರು 51 ಕೋಟಿ ರೂಪಾಯಿ, ಅವರದೇ ಕಂಪನಿಯ ನೌಕರರ ಮಧ್ಯಮ ವೇತನದ 500 ಪಟ್ಟಿಗೂ ಹೆಚ್ಚು. 2024ರ ಮಾರ್ಚ್‌ನಲ್ಲಿ ಮೂರ್ತಿಯವರು ನಾಲ್ಕು ತಿಂಗಳ ಮೊಮ್ಮಗನಿಗೆ ಸುಮಾರು 240 ಕೋಟಿ ಬೆಲೆಯ 15 ಲಕ್ಷ ಷೇರು ಉಡುಗೊರೆ ಕೊಟ್ಟರು. ಅಜ್ಜನ ಪ್ರೀತಿಗೆ ನನ್ನ ಅಡ್ಡಿಯಿಲ್ಲ. ಈ ದೇಶದಲ್ಲಿ ಪಿತ್ರಾರ್ಜಿತಕ್ಕೆ ಇದ್ದ ತೆರಿಗೆಯನ್ನೂ 1985ರಲ್ಲೇ ತೆಗೆದುಹಾಕಿದ್ದಾರೆ. ಆದರೆ ತೊಟ್ಟಿಲಲ್ಲಿರುವ ಮಗುವಿಗೆ ಗಂಟೆಯ ಲೆಕ್ಕವಿಲ್ಲದೆ ಲಾಭಾಂಶ ಬರುವ ವ್ಯವಸ್ಥೆಯಲ್ಲಿ ನಿಂತು, ಪಿಜಿಯಲ್ಲಿರುವ ಹುಡುಗಿಗೆ ಗಂಟೆಯ ಲೆಕ್ಕ ಹೇಳುವುದು ನಾಚಿಕೆ ಬಿಟ್ಟ ಮಾತು.

ಗಂಟೆ ಹೆಚ್ಚಿಸಿ ಎನ್ನುವವರು ಜರ್ಮನಿ, ಜಪಾನ್ ಎಂದು ಉದಾಹರಣೆ ಕೊಡುತ್ತಾರೆ. ಯುದ್ಧದಲ್ಲಿ ಸುಟ್ಟುಹೋದ ದೇಶಗಳು ದುಡಿದು ಎದ್ದವಂತೆ. ಅರ್ಧ ಹೇಳಿ ನಿಲ್ಲಿಸುವ ಚಾಳಿ ಇದು. ಪಶ್ಚಿಮ ಜರ್ಮನಿಗೆ ಮಾರ್ಷಲ್ ಯೋಜನೆಯ ಹಣ ಬಂತು. 1953ರ ಲಂಡನ್ ಒಪ್ಪಂದದಲ್ಲಿ ಅದರ ವಿದೇಶಿ ಸಾಲದ ಅರ್ಧದಷ್ಟು ಮನ್ನಾ ಆಯಿತು. 1951ರಲ್ಲೇ ಅಲ್ಲಿನ ಕಲ್ಲಿದ್ದಲು, ಉಕ್ಕು ಕಂಪನಿಗಳ ಮೇಲ್ವಿಚಾರಣಾ ಮಂಡಳಿಯ ಅರ್ಧ ಕುರ್ಚಿ ಕಾರ್ಮಿಕರಿಗೆ ಸಲ್ಲಬೇಕೆಂದು ಕಾನೂನು ಬಂತು. ಆ ದೇಶ ವೇಗವಾಗಿ ಬೆಳೆದ ವರ್ಷಗಳಲ್ಲೇ ಕಾರ್ಮಿಕ ಸಂಘಗಳು ಶನಿವಾರದ ರಜೆಗಾಗಿ ಹೋರಾಡಿ 48 ಗಂಟೆಯ ವಾರವನ್ನು 40ಕ್ಕೆ ಇಳಿಸಿದವು. ಜಪಾನಿನಲ್ಲಿ ಯುದ್ಧ ಮುಗಿದ ಕೂಡಲೇ ಆದದ್ದು ಭೂಸುಧಾರಣೆ, ನಮ್ಮಲ್ಲಿ 1974ರವರೆಗೆ ಕಾದದ್ದು. ಅವರು ಬೆವರು ಸುರಿಸಿದರು, ಒಪ್ಪೋಣ. ಬೆವರಿನ ಪಾಲನ್ನು ಕಾಗದದ ಮೇಲೆ ಬರೆಸಿಕೊಂಡೇ ಸುರಿಸಿದರು. ಇಂದು ಜರ್ಮನರು ದುಡಿಯುವ ಸರಾಸರಿ ಗಂಟೆ ಶ್ರೀಮಂತ ದೇಶಗಳಲ್ಲೇ ಅತಿ ಕಡಿಮೆ. ಸರಾಸರಿ ಭಾರತೀಯ ಈಗಲೇ ವಾರಕ್ಕೆ 46-47 ಗಂಟೆ ದುಡಿಯುತ್ತಾನೆ, ಅರ್ಧದಷ್ಟು ಜನ 49 ಗಂಟೆ ಮುಟ್ಟುತ್ತಾರೆ ಅಥವಾ ಮೀರುತ್ತಾರೆ ಎನ್ನುತ್ತದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ. ಗಂಟೆಗಳಿಂದ ಸಿರಿ ಬರುವುದಾಗಿದ್ದರೆ ನಾವು ಅವರಿಗೆ ಸಾಲ ಕೊಡುತ್ತಿರಬೇಕಿತ್ತು.

ಯುವಜನ ಎಂದಾಗ ಇವರ ಕಣ್ಣಿಗೆ ಬೀಳುವುದು ಎಸಿ ಕಚೇರಿಯ ಹುಡುಗರು ಮಾತ್ರ ಎಂಬುದೂ ಒಂದು ವಿಚಿತ್ರ. ಬೆಂಗಳೂರಿನ ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಿ: ಟಿಫಿನ್ ಡಬ್ಬಿ ಹಿಡಿದು ಗಾರ್ಮೆಂಟ್ಸಿಗೆ ಓಡುವ ಹೆಂಗಸರು. ಮನೆಯ ಅಡುಗೆ, ನೀರು, ಮಕ್ಕಳ ತಲೆ ಬಾಚುವುದು ಮುಗಿಸಿ ಬಂದವರು. ಒಳಗೆ ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ಟು, ಸೂಪರ್‌ವೈಸರನ ಬೈಗುಳ. ಇವರನ್ನು ಯಾವ ಕೈಗಾರಿಕೋದ್ಯಮಿಯೂ ಸೋಮಾರಿ ಎಂದದ್ದಿಲ್ಲ. ಇವರಿಗೆ ಶ್ರಮದ ಫಲ ಸಿಕ್ಕಿತೇ? 2020ರ ಏಪ್ರಿಲ್‌ನಿಂದ ಕನಿಷ್ಠ ವೇತನದ ಮೇಲೆ ಸಲ್ಲಬೇಕಿದ್ದ ತುಟ್ಟಿಭತ್ಯೆ, ತಿಂಗಳಿಗೆ ಬರೀ 417 ರೂಪಾಯಿ ಚಿಲ್ಲರೆ, ಅದನ್ನು ರಾಜ್ಯದ ಬಹುಪಾಲು ಗಾರ್ಮೆಂಟ್ ಕಾರ್ಖಾನೆಗಳು ತಡೆಹಿಡಿದವು. ಹೈಕೋರ್ಟ್ ಕೊಡಿ ಎಂದ ಮೇಲೂ ಕೊಡದೆ, ಕೊನೆಗೆ ಹೊರದೇಶದ ಬ್ರ್ಯಾಂಡುಗಳ ಮೇಲೆ ಒತ್ತಡ ಬಂದ ಮೇಲೆ ಬಾಕಿ ಬಿಚ್ಚಿದವು. ಅದಕ್ಕೂ ಮೊದಲು, 2016ರ ಏಪ್ರಿಲ್‌ನಲ್ಲಿ, ತಮ್ಮ ಪಿಎಫ್ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ಹಾಕಿದ ಹೊಸ ನಿರ್ಬಂಧದ ವಿರುದ್ಧ ಇದೇ ಹೆಂಗಸರು ಹೊಸೂರು ರಸ್ತೆಗೆ ಇಳಿದಿದ್ದರು. ಎರಡು ದಿನದಲ್ಲಿ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ವರ್ಷಗಟ್ಟಲೆ ತಲೆ ಬಗ್ಗಿಸಿ ಹೊಲಿದದ್ದರಿಂದ ಬಾರದ ಫಲ ಎರಡು ದಿನ ಹೊಲಿಯದೆ ಬೀದಿಯಲ್ಲಿ ಕೂತದ್ದರಿಂದ ಬಂತು!

ಧಾರವಾಡದ ಸಪ್ತಾಪುರದ ಕಡೆಗೂ ಒಮ್ಮೆ ಹೋಗಬೇಕು. ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಅಲ್ಲಿ ಕೋಚಿಂಗ್ ಸೆಂಟರು, ಲೈಬ್ರರಿ, ಖಾನಾವಳಿ ಎಂದು ಸುತ್ತುತ್ತಾ ಇಪ್ಪತ್ತರ ವಯಸ್ಸನ್ನು ಪುಸ್ತಕದ ಮೇಲೆ ಕಳೆಯುತ್ತಾರೆ. ರಾತ್ರಿ ಹನ್ನೊಂದಕ್ಕೂ ಲೈಬ್ರರಿಯಲ್ಲಿ ಜಾಗ ಸಿಗುವುದಿಲ್ಲ. ವಾರಕ್ಕೆ 70 ಗಂಟೆಯೇ? ಅವರು ನಗುತ್ತಾರೆ. 545 ಪಿಎಸ್ಐ ಹುದ್ದೆಗೆ 2021ರ ಅಕ್ಟೋಬರಿನಲ್ಲಿ ಇವರಂಥ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ದುಡ್ಡು ಕೊಟ್ಟವರ ಉತ್ತರ ಪತ್ರಿಕೆ ಬೇರೆಯವರ ಕೈಯಲ್ಲಿ ತುಂಬಿದ ಹಗರಣ ಬಯಲಾಯಿತು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯೇ ಬಂಧನಕ್ಕೊಳಗಾದರು, ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಪತ್ರಿಕೆ 2024ರಲ್ಲಿ ಎಷ್ಟು ಕೆಟ್ಟದಾಗಿತ್ತೆಂದರೆ ಅದನ್ನೂ ಮತ್ತೆ ನಡೆಸಬೇಕಾಯಿತು. ಮತ್ತೆ ನಡೆಸಿದಾಗಲೂ ತಪ್ಪುಗಳು. ಅತ್ತ ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ. ಪ್ರಾಮಾಣಿಕವಾಗಿ ಓದಿ, ವಯೋಮಿತಿ ಮೀರುವುದನ್ನು ಕ್ಯಾಲೆಂಡರಿನಲ್ಲಿ ನೋಡುತ್ತಾ ಕೂತ ಹುಡುಗನಿಗೆ ಕಷ್ಟಪಟ್ಟರೆ ಫಲವಿದೆ ಎಂದು ಹೇಳಲು ಯಾವ ಹಿರಿಯರಿಗೆ ಬಾಯಿ ಬರುತ್ತದೆ? ಬರುತ್ತದೆ, ಅದೇ ಬೇಸರ. ಇನ್ನೂ ಸ್ವಲ್ಪ ಕಷ್ಟಪಡಬೇಕಿತ್ತು ಎನ್ನುತ್ತಾರೆ.

ಕಷ್ಟಪಡುವುದೇ ದಡ್ಡತನ ಎನ್ನುವ ಹುಡುಗರೂ ಇದ್ದಾರೆ. ಆನ್‌ಲೈನ್ ರಮ್ಮಿಯಲ್ಲಿ ಅಪ್ಪನ ತೋಟ ಕಳೆದವರನ್ನೂ, ರಾತ್ರೋರಾತ್ರಿ ಕೋಟ್ಯಧಿಪತಿ ಮಾಡುವ ಕೋರ್ಸಿಗೆ ಸಾಲ ಮಾಡಿ ಫೀಸು ಕಟ್ಟಿದವರನ್ನೂ ಕಂಡಿದ್ದೇವೆ. ಆದರೆ ಆ ಹುಚ್ಚು ಎಲ್ಲಿಂದ ಬಂತು? ನೇರದಾರಿಯಲ್ಲಿ ನಡೆದವನು ಎಲ್ಲೂ ಮುಟ್ಟದ್ದನ್ನು ಕಣ್ಣಾರೆ ಕಂಡವನು ಅಡ್ಡದಾರಿ ಹುಡುಕುತ್ತಾನೆ. ಅವನಿಗೆ ಬುದ್ಧಿ ಹೇಳುವ ಮೊದಲು ನೇರದಾರಿಯನ್ನು ಸರಿಮಾಡಬೇಕು.

ಹೆಂಡತಿಯ ಮುಖದ ಮಾತಿಗೆ ಬರೋಣ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆಯುತ್ತಾರೆ. ಗಂಡಸರು 88 ನಿಮಿಷ. ವಾರಕ್ಕೆ 90 ಗಂಟೆ ದುಡಿದೆ ಎಂದು ಎದೆ ತಟ್ಟುವ ಪ್ರತಿ ಗಂಡಸಿನ ಹಿಂದೆ ಅವನ ಅಂಗಿ ಒಗೆದ, ಊಟ ಮುಚ್ಚಿಟ್ಟು ಕಾದ, ಅವನ ಅಮ್ಮನನ್ನು ಆಸ್ಪತ್ರೆಗೆ ಒಯ್ದ ಒಬ್ಬಳಿದ್ದಳು. ಅವಳ ಗಂಟೆಗಳು ಇವನ ಸಾಧನೆಯ ಲೆಕ್ಕಕ್ಕೆ ಸೇರಿದವು. ಈಗ ಅವಳೂ ಕೆಲಸಕ್ಕೆ ಹೋಗುತ್ತಿದ್ದಾಳೆ. ಇಬ್ಬರೂ 70 ಗಂಟೆ ಹೊರಗಿದ್ದರೆ ಮಗುವಿಗೆ ಅನ್ನ ತಿನ್ನಿಸುವವರು ಯಾರು ಎಂಬುದು ಅಧ್ಯಕ್ಷರಿಗೆ ಹೊಳೆಯಲಿಲ್ಲ, ಏಕೆಂದರೆ ಅವರು ಆ ಪ್ರಶ್ನೆಯನ್ನು ಎಂದೂ ಎದುರಿಸಿರಲಿಕ್ಕಿಲ್ಲ. ದೇಹದ ಮಾತನ್ನು ಬೇಗ ಮುಗಿಸುತ್ತೇನೆ: ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದರೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ 2021ರಲ್ಲೇ ಜಂಟಿಯಾಗಿ ಹೇಳಿವೆ. 2025ರಲ್ಲಿ ಇನ್ಫೋಸಿಸ್ಸೇ ಮನೆಯಿಂದ ಹೆಚ್ಚು ಹೊತ್ತು ಕೆಲಸ ಮಾಡುವ ತನ್ನ ನೌಕರರಿಗೆ ಹಾಗೆ ಮಾಡಬೇಡಿ ಎಂದು ಮೇಲ್ ಕಳಿಸುತ್ತಿರುವ ವರದಿ ಬಂತು. ಸ್ಥಾಪಕರ ಮಾತನ್ನು ಅವರ ಕಂಪನಿಯೇ ನಂಬಿದಂತಿಲ್ಲ.

ಈ ವಾದದಲ್ಲಿ ಸೋತಾಗ ಹಿರಿಯರು ಬಸವಣ್ಣನವರ ಕಾಲದ ಕಾಯಕವನ್ನು ಎಳೆದು ತರುತ್ತಾರೆ. ಕಲ್ಯಾಣದ ಶರಣರು ದುಡಿಮೆಯನ್ನು ದೇವರ ಮಟ್ಟಕ್ಕೆ ಏರಿಸಿದ್ದು ಹೌದು, ಆದರೆ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ಇವರು ಯಾಕೆ ನುಂಗುತ್ತಾರೆ? ಗಂಡ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಇದು ನಮಗೆ ಸಲ್ಲದ್ದು, ಹೋಗಿ ಅಲ್ಲೇ ಸುರಿದು ಬಾ ಎಂದು ಗದರಿಸಿದವಳು ಅವಳು. ಕಾಯಕದ ಜೊತೆಗೆ ದಾಸೋಹವನ್ನು, ಅಂದರೆ ದುಡಿದದ್ದನ್ನು ಹಂಚಿಕೊಳ್ಳುವುದನ್ನು, ಕಡ್ಡಾಯ ಮಾಡಿದ ಪಂಥ ಅದು. 500 ಪಟ್ಟು ಸಂಭಾವನೆಯವರ ಬಾಯಲ್ಲಿ ಕಾಯಕದ ಮಾತು ಬಂದರೆ ಲಕ್ಕಮ್ಮ ಏನೆನ್ನುತ್ತಿದ್ದಳೋ ಊಹಿಸಬಹುದು.

ಇಷ್ಟಾಗಿಯೂ 70 ಗಂಟೆಯೇ ಬೇಕು ಎನ್ನುವವರು ಒಂದು ಸಣ್ಣ ಕಾನೂನು ಓದಬೇಕು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಮೂರು ತಿಂಗಳಲ್ಲಿ ಓಟಿ 50 ಗಂಟೆ ಮೀರಬಾರದು, ಓಟಿಗೆ ದುಪ್ಪಟ್ಟು ದರ ಎಂದು ಅದರಲ್ಲಿ ಬರೆದರು. ಬರೆದವರು ಈಗ ಹಾಡಿಹೊಗಳುವ ಅದೇ ಹಳೆಯ ತಲೆಮಾರಿನವರು. ವಾರಕ್ಕೆ 70 ಗಂಟೆ ಎಂದರೆ 22 ಗಂಟೆ ಹೆಚ್ಚು. ಹದಿಮೂರು ವಾರಕ್ಕೆ 286 ಗಂಟೆ, ಆ ಮಿತಿಯ ಐದೂಮುಕ್ಕಾಲು ಪಟ್ಟು. ದುಪ್ಪಟ್ಟು ದರದಲ್ಲಿ ಆ 22 ಗಂಟೆಗೆ 44 ಗಂಟೆಯ ಸಂಬಳ ಸಲ್ಲಬೇಕು, ಅಂದರೆ 70 ಗಂಟೆ ದುಡಿದವರಿಗೆ 92 ಗಂಟೆಯ ಸಂಬಳ. ಉಪದೇಶ ಮಾಡುವ ಯಾವುದಾದರೂ ಕಂಪನಿ ನೇಮಕಾತಿ ಪತ್ರದಲ್ಲಿ ಈ ಒಂದು ಸಾಲನ್ನು ಸೇರಿಸಿ ಹುಡುಗರನ್ನು ಕರೆದು ನೋಡಲಿ. ಬಾಗಿಲ ಮುಂದೆ ಸಾಲು ಎಷ್ಟು ಉದ್ದ ನಿಲ್ಲುತ್ತದೆ ಎಂಬುದನ್ನು ಮೂರ್ತಿಯವರೇ ಬಂದು ಎಣಿಸಲಿ.